ಸ್ಕ್ಯಾನಿಂಗ್ ನಾರ್ಮಲ್, ಆದರೆ ಮನುಷ್ಯ ಮೊದಲಿನಂತಿಲ್ಲ

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ನೀಡಿದ ಮಾಹಿತಿಯ ಬರಹರೂಪ)



ಉಳಿತಾಯ, ಸಾಲ, ಕಂತಿನ ಲೆಕ್ಕ ಎಲ್ಲಾ ಮುಗಿಸಿ ಈಗ ಸ್ವಲ್ಪ ಆರಾಮವಾಗಿ ಕೂತಿದ್ದೀರಿ. ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳ್ತೇನೆ. ನಿಮ್ಮ ಮನೆಯಲ್ಲೋ, ನೆಂಟರಲ್ಲೋ, ಬೀದಿಯಲ್ಲೋ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿ ವಾಪಸ್ ಬಂದವರು ಯಾರಾದರೂ ಇದ್ದಾರಾ? ಬೈಕಿನಿಂದ ಬಿದ್ದವರು, ಅಡಿಕೆ ಮರದಿಂದ ಜಾರಿದವರು, ಬಚ್ಚಲಲ್ಲಿ ಬಿದ್ದವರು? ಕೈ ಎತ್ತಿ ನೋಡೋಣ. ನೋಡಿ, ಅರ್ಧ ಸಭೆಯೇ ಕೈ ಎತ್ತಿದೆ. ಇನ್ನೊಂದು ಪ್ರಶ್ನೆ. ಅವರಲ್ಲಿ ಎಷ್ಟು ಜನ "ಗಾಯ ವಾಸಿಯಾಯ್ತು, ಆದರೆ ಸ್ವಭಾವ ಮಾತ್ರ ಬದಲಾಯ್ತು" ಅಂತ ಅನಿಸಿಕೊಂಡಿದ್ದಾರೆ? ಈಗ ಕೈ ಕಡಿಮೆ ಏಳ್ತಿದೆ, ಆದರೆ ಒಬ್ಬರ ಮುಖ ಒಬ್ಬರು ನೋಡ್ತಿದ್ದೀರಿ. ಇವತ್ತು ಮಾತಾಡಬೇಕಾದ್ದು ಅದರ ಬಗ್ಗೆಯೇ.

ನನ್ನ ತಮ್ಮನ ಕಥೆ

ಬೇರೆಯವರ ಮನೆಯ ಉದಾಹರಣೆ ಬೇಡ, ನಮ್ಮ ಮನೆಯದ್ದೇ ಹೇಳ್ತೇನೆ. 2011ರಲ್ಲಿ ನನ್ನ ತಮ್ಮ ಸಂಜೆ ಹೊತ್ತು ಪೇಟೆಯಿಂದ ಬೈಕಿನಲ್ಲಿ ಬರುತ್ತಿದ್ದ. ತಿರುವಿನಲ್ಲಿ ದನ ಅಡ್ಡ ಬಂತು. ಹೆಲ್ಮೆಟ್ ಇತ್ತು, ಆದರೆ ತಲೆಯ ಮೇಲಲ್ಲ, ಕನ್ನಡಿಗೆ ನೇತಾಡುತ್ತಿತ್ತು. ಮೂರು ದಿನ ಪ್ರಜ್ಞೆ ಇರಲಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಿದರು. ತಲೆಬುರುಡೆ ಒಡೆದಿಲ್ಲ, ಒಳಗೆ ದೊಡ್ಡ ರಕ್ತಸ್ರಾವ ಇಲ್ಲ ಅಂದರು. ನಾವು ದೇವರಿಗೆ ಕೈ ಮುಗಿದೆವು. ಮೂರು ವಾರದ ನಂತರ ನಡೆದುಕೊಂಡೇ ಮನೆಗೆ ಬಂದ. ಊರವರೆಲ್ಲಾ ಬಂದು ನೋಡಿ "ಪುಣ್ಯವಂತ" ಅಂದರು.

ಕಷ್ಟ ಶುರುವಾದದ್ದು ಆಮೇಲೆ. ಅಂಗಡಿಗೆ ಮೂರು ಸಾಮಾನು ತರಲು ಹೋದವನು ಒಂದು ತರುತ್ತಿದ್ದ. ಪಂಪ್ ಹಾಕಿದರೆ ಆಫ್ ಮಾಡಲು ನೆನಪಿಲ್ಲ. ಏನಾದರೂ ಕೇಳಿದರೆ ಉತ್ತರ ಬರಲು ಅಷ್ಟು ಹೊತ್ತು. ಮಕ್ಕಳು ಗಲಾಟೆ ಮಾಡಿದರೆ ತಟ್ಟೆ ಎಸೆಯುತ್ತಿದ್ದ. ಯಾವತ್ತೂ ಹಾಗೆ ಮಾಡಿದವನಲ್ಲ. ಬೆಳಿಗ್ಗೆ ಹತ್ತು ಗಂಟೆಗೇ ಸುಸ್ತು ಅಂತ ಮಲಗುತ್ತಿದ್ದ. ಗಾಳಿ ಸೋಕಿದೆ ಅಂದರು ಕೆಲವರು, ತಾಯತ ಕಟ್ಟಿಸಿದರು. ಹೆಂಡತಿ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂದರು ಇನ್ನು ಕೆಲವರು. ನಾನು ನರ್ಸ್ ಆಗಿ ಕೆಲಸ ಮಾಡಿದವಳು, ನಾನೇನು ಅಂದೆ ಗೊತ್ತಾ? "ಸ್ಕ್ಯಾನಿಂಗ್ ನಾರ್ಮಲ್ ಇದೆ, ನಿನಗೇನಾಗಿದೆ? ಸೋಮಾರಿತನ ಬಿಡು, ಎದ್ದು ತೋಟಕ್ಕೆ ಹೋಗು" ಅಂದೆ. ಅವನು ತಲೆ ತಗ್ಗಿಸಿ ಕೂತ. ಆ ದಿನ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಹಿಂಡುತ್ತದೆ.

ಹತ್ತು ತಿಂಗಳ ನಂತರ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಂ.ಆರ್.ಐ. ಮಾಡಿದರು. ಡಾಕ್ಟರು ಪರದೆಯ ಮೇಲೆ ಮೆದುಳಿನ ನಡುವಿನ ಬಿಳಿ ಭಾಗದಲ್ಲಿ ಸಾಸಿವೆಯಂಥ ಕಪ್ಪು ಚುಕ್ಕೆಗಳನ್ನು ತೋರಿಸಿ ಹೇಳಿದರು: "ಇವರು ಸೋಮಾರಿ ಅಲ್ಲಮ್ಮ. ಒಳಗಿನ ತಂತಿಗಳಿಗೆ ಪೆಟ್ಟಾಗಿದೆ." ಈ ಒಂದು ಮಾತು ನಮಗೆ ಹತ್ತು ತಿಂಗಳ ಮೊದಲೇ ಗೊತ್ತಿದ್ದಿದ್ದರೆ!

ತಲೆಯೊಳಗೆ ಏನಿದೆ?

ಕುರಿಯ ಮೆದುಳು ಅಡುಗೆ ಮಾಡಿದವರಿಗೆ ಗೊತ್ತು, ಎಷ್ಟು ಮೆತ್ತಗಿರುತ್ತದೆ ಅಂತ. ನಮ್ಮ ಮೆದುಳೂ ಹಾಗೇ. ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ ತೂಕ. ಹೊರಗಿನ ಪದರ ಬೂದು ಬಣ್ಣ. ಯೋಚನೆ, ನೆನಪು, ಅಪ್ಪಣೆ ಕೊಡುವ ಜೀವಕೋಶಗಳು ಬಹುಪಾಲು ಇರುವುದು ಅಲ್ಲಿ. ಒಳಗಿನದು ಬಿಳಿ ಭಾಗ. ಅಲ್ಲಿರುವುದು ತಂತಿಗಳು, ಅಂದರೆ ನರತಂತುಗಳು. ಒಂದು ಕಡೆಯ ಸುದ್ದಿಯನ್ನು ಇನ್ನೊಂದು ಕಡೆಗೆ ಒಯ್ಯುವುದು ಇವುಗಳ ಕೆಲಸ. ಕರೆಂಟ್ ವಯರಿನ ಮೇಲೆ ಪ್ಲಾಸ್ಟಿಕ್ ಇರುವ ಹಾಗೆ ಈ ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಪೊರೆ ಇರುತ್ತದೆ. ಕೊಬ್ಬು ಬೆಳ್ಳಗೆ, ಅದಕ್ಕೇ ಆ ಭಾಗ ಬೆಳ್ಳಗೆ ಕಾಣುತ್ತದೆ. ಒಬ್ಬ ಮನುಷ್ಯನ ಮೆದುಳಿನ ಈ ತಂತುಗಳನ್ನೆಲ್ಲಾ ಸಾಲಾಗಿ ಜೋಡಿಸಿದರೆ ಒಂದು ಲಕ್ಷ ಕಿಲೋಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಭೂಮಿಯನ್ನು ಎರಡು ಸುತ್ತು ಹಾಕಿದರೂ ಮಿಗುತ್ತದೆ!

ನಮ್ಮ ಒಕ್ಕೂಟವನ್ನೇ ನೋಡಿ. ಪ್ರತಿ ಹಳ್ಳಿಯಲ್ಲೂ ಸಂಘ ಇದೆ, ಬುದ್ಧಿವಂತ ಸದಸ್ಯೆಯರಿದ್ದಾರೆ. ಆದರೆ ರಸ್ತೆ ಕುಸಿದು, ಫೋನ್ ಕೆಟ್ಟು, ಪ್ರೇರಕಿ ಬಾರದೇ ಹೋದರೆ ಏನಾಗುತ್ತದೆ? ಸಂಘಗಳು ಇದ್ದ ಹಾಗೇ ಇವೆ, ಕೆಲಸ ಮಾತ್ರ ನಿಧಾನ, ಸುದ್ದಿ ತಪ್ಪುತ್ತದೆ. ಬಿಳಿ ಭಾಗಕ್ಕೆ ಪೆಟ್ಟಾದಾಗ ಆಗುವುದೂ ಅದೇ. ಬುದ್ಧಿ ಸತ್ತಿಲ್ಲ, ದಾರಿ ಕೆಟ್ಟಿದೆ.

ಪೆಟ್ಟು ಬಿದ್ದಾಗ ಏನಾಗುತ್ತದೆ?

ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ ಮೊಸರು ತುಂಬಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಡಬ್ಬಿಗೆ ಏನೂ ಆಗಲ್ಲ. ಮುಚ್ಚಳ ತೆಗೆದು ನೋಡಿದರೆ ಮೊಸರು ಒಡೆದು ನೀರು ಬಿಟ್ಟಿರುತ್ತದೆ. ತಲೆಬುರುಡೆ ಡಬ್ಬಿ, ಮೆದುಳು ಮೊಸರು. ವೇಗವಾಗಿ ಹೋಗುತ್ತಿದ್ದ ತಲೆ ಗಕ್ಕನೆ ನಿಂತಾಗ, ಅದರಲ್ಲೂ ತಿರುಚಿ ಬಿದ್ದಾಗ, ಒಳಗಿನ ಮೆದುಳು ಸುತ್ತಿ ಎಳೆದಂತಾಗುತ್ತದೆ. ಬೂದು ಭಾಗಕ್ಕೂ ಬಿಳಿ ಭಾಗಕ್ಕೂ ನಡುವಿನ ಗಡಿ, ಎಡ ಮೆದುಳು ಬಲ ಮೆದುಳನ್ನು ಸೇರಿಸುವ ಸೇತುವೆ, ಕೆಳಗಿನ ಕಾಂಡ, ಇಲ್ಲೆಲ್ಲಾ ತಂತುಗಳು ಜಗ್ಗುತ್ತವೆ.

ಮಲ್ಲಿಗೆ ಕಟ್ಟುವವರಿಗೆ ಬಾಳೆ ನಾರಿನ ಗುಣ ಗೊತ್ತು. ನಿಧಾನವಾಗಿ ಎಳೆದರೆ ತಡೆಯುತ್ತದೆ, ಫಕ್ಕನೆ ಜಗ್ಗಿದರೆ ಕಡಿಯುತ್ತದೆ. ನರತಂತುವಿನ ಗುಣವೂ ಹಾಗೇ. ನಾವು ದಿನಾ ತಲೆ ಆಡಿಸುತ್ತೇವೆ, ಓಡುತ್ತೇವೆ, ಏನೂ ಆಗುವುದಿಲ್ಲ. ಕ್ಷಣಮಾತ್ರದ ಜೋರಾದ ಜಗ್ಗುವಿಕೆ ಮಾತ್ರ ಅದಕ್ಕೆ ತಡೆಯುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಹೆಚ್ಚಿನ ತಂತುಗಳು ಬಿದ್ದ ಕ್ಷಣವೇ ತುಂಡಾಗುವುದಿಲ್ಲ. ಒಳಗೆ ಗಾಯವಾಗಿ, ಸಾಗಬೇಕಾದ ವಸ್ತುಗಳು ಅಲ್ಲೇ ಕಟ್ಟಿಕೊಂಡು, ಊದಿ, ಕೆಲವು ಗಂಟೆ ಅಥವಾ ಕೆಲವು ದಿನಗಳಲ್ಲಿ ಕಡಿದುಹೋಗುತ್ತವೆ. ಕೆಲವರಲ್ಲಿ ಬಿಳಿ ಭಾಗ ಸವೆಯುವುದು ತಿಂಗಳು, ವರ್ಷಗಳವರೆಗೂ ಮುಂದುವರಿಯುತ್ತದೆ. ಇದಕ್ಕೆ ಡಾಕ್ಟರುಗಳು "ಡಿಫ್ಯೂಸ್ ಆಕ್ಸೋನಲ್ ಇಂಜುರಿ" ಅನ್ನುತ್ತಾರೆ, ಅಂದರೆ ಅಲ್ಲಲ್ಲಿ ಹರಡಿದ ನರತಂತು ಗಾಯ. ಚೀಟಿಯಲ್ಲಿ ಡಿ.ಎ.ಐ. ಅಂತ ಬರೆದಿದ್ದರೆ ಇದೇ.

ಸ್ಕ್ಯಾನಿಂಗ್‌ನಲ್ಲಿ ಯಾಕೆ ಕಾಣಲಿಲ್ಲ?

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟವರು ಒಬ್ಬ ಹೆಣ್ಣುಮಗಳು. 1956ರಲ್ಲಿ ಇಂಗ್ಲೆಂಡಿನಲ್ಲಿ ಸಬಿನಾ ಸ್ಟ್ರಿಚ್ ಎಂಬ ವೈದ್ಯೆ 5 ರೋಗಿಗಳ ಮೆದುಳನ್ನು ಅವರು ತೀರಿಕೊಂಡ ಮೇಲೆ ಪರೀಕ್ಷಿಸಿ ವರದಿ ಬರೆದರು. ತಲೆಗೆ ಪೆಟ್ಟಾಗಿ, ತಿಂಗಳುಗಟ್ಟಲೆ ಬದುಕಿದ್ದು, ಬುದ್ಧಿ ಮರಳದೇ ಹೋದವರು ಅವರು. ಬರಿಗಣ್ಣಿಗೆ ಮೆದುಳಿನಲ್ಲಿ ಅಷ್ಟು ದೊಡ್ಡ ಗಾಯ ಇರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಿಳಿ ಭಾಗದ ತಂತುಗಳು ಎಲ್ಲೆಲ್ಲೂ ಹಾಳಾಗಿದ್ದವು. ಆಗ ಸಿ.ಟಿ. ಯಂತ್ರವೇ ಇರಲಿಲ್ಲ, ಅದು ಬಂದದ್ದು 1971ರಲ್ಲಿ.

ಸಿ.ಟಿ. ಸ್ಕ್ಯಾನ್ ಬಹಳ ಅಗತ್ಯ. ರಕ್ತ ಹೆಪ್ಪುಗಟ್ಟಿದೆಯೇ, ಮೂಳೆ ಮುರಿದಿದೆಯೇ, ತಕ್ಷಣ ಆಪರೇಷನ್ ಬೇಕೇ ಎಂಬುದನ್ನು ಅದು ಹೇಳುತ್ತದೆ, ಜೀವ ಉಳಿಸುತ್ತದೆ. ಆದರೆ ನರತಂತು ಕೂದಲಿಗಿಂತಲೂ ಎಷ್ಟೋ ಪಾಲು ಸಣ್ಣದು. ಅದು ಕಡಿದದ್ದು ಸಿ.ಟಿ.ಯಲ್ಲಿ ಕಾಣುವುದಿಲ್ಲ. ಎಂ.ಆರ್.ಐ.ನಲ್ಲಿ ಇನ್ನಷ್ಟು ಕಾಣುತ್ತದೆ, ಆದರೂ ಎಲ್ಲವೂ ಅಲ್ಲ. ಹಾಗಾಗಿ "ನಾರ್ಮಲ್" ಅಂದರೆ "ಆಪರೇಷನ್ ಮಾಡುವಂಥದ್ದು ಏನೂ ಕಾಣಲಿಲ್ಲ" ಅಂತ ಅರ್ಥ. ಒಳಗೆ ಏನೂ ಆಗಿಲ್ಲ ಅಂತ ಅಲ್ಲ.

ಮನೆಯಲ್ಲಿ ಕಾಣುವ ಬದಲಾವಣೆಗಳು

* ಯೋಚನೆ, ಮಾತು, ಕೆಲಸ ನಿಧಾನವಾಗುವುದು
* ಒಂದೇ ಸಲ ಎರಡು ಕೆಲಸ ಮಾಡಲಾಗದೇ ಇರುವುದು
* ಹಳೆಯದು ನೆನಪಿದ್ದು, ಇವತ್ತಿನದು ಮರೆಯುವುದು
* ಸ್ವಲ್ಪ ಕೆಲಸಕ್ಕೇ ತುಂಬಾ ಸುಸ್ತು, ನಿದ್ದೆ ಏರುಪೇರು
* ಥಟ್ಟನೆ ಸಿಟ್ಟು, ಅಳು, ಅಥವಾ ಏನೂ ಬೇಡವೆಂದು ಸುಮ್ಮನೆ ಕೂರುವುದು
* ಹಣದ ವಿಷಯದಲ್ಲಿ, ಮಾತಿನಲ್ಲಿ ಹಿಂದೆ ಮುಂದೆ ಯೋಚಿಸದಿರುವುದು
* ತಲೆನೋವು, ಗದ್ದಲ ಮತ್ತು ಬೆಳಕು ಸಹಿಸಲಾಗದಿರುವುದು

ಇದು ಸೊಕ್ಕೂ ಅಲ್ಲ, ದೆವ್ವವೂ ಅಲ್ಲ, ಹೆಂಡತಿಯ ಕಾಲ್ಗುಣವೂ ಅಲ್ಲ. ಕಾಲು ಮುರಿದವನಿಗೆ "ಓಡು" ಅಂತ ನಾವು ಹೇಳುವುದಿಲ್ಲ, ಯಾಕೆಂದರೆ ಬ್ಯಾಂಡೇಜ್ ಕಾಣುತ್ತದೆ. ಇಲ್ಲಿ ಬ್ಯಾಂಡೇಜ್ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಮನೆಯವರು ಏನು ಮಾಡಬಹುದು?

ಕಡಿದ ತಂತುವನ್ನು ಜೋಡಿಸುವ ಮಾತ್ರೆ ಇನ್ನೂ ಬಂದಿಲ್ಲ. ಹಾಗಂತ ಯಾರಾದರೂ ಸಾವಿರಾರು ರೂಪಾಯಿಗೆ ಟಾನಿಕ್, ಲೇಹ ಮಾರಿದರೆ ಸಂಘದ ಸಾಲ ತೆಗೆದು ಕೊಳ್ಳಬೇಡಿ. ಆದರೆ ಮೆದುಳಿಗೆ ಒಂದು ಶಕ್ತಿ ಇದೆ. ಒಂದು ದಾರಿ ಮುಚ್ಚಿದರೆ ಅಭ್ಯಾಸದಿಂದ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ. ಮೊದಲ 6 ತಿಂಗಳಲ್ಲಿ ಸುಧಾರಣೆ ಹೆಚ್ಚು ವೇಗ. ಆಮೇಲೆ ನಿಧಾನ, ಆದರೆ ಎರಡು ವರ್ಷ, ಅದಕ್ಕೂ ಮುಂದೆ ನಡೆಯುತ್ತಿರುತ್ತದೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ನನ್ನ ತಮ್ಮನ ಹೆಂಡತಿ ಮಾಡಿದ್ದು ಇಷ್ಟು. ದಿನಾ ಒಂದೇ ಹೊತ್ತಿಗೆ ಏಳುವುದು, ಊಟ, ಕೆಲಸ, ಮಲಗುವುದು. ಶರ್ಟಿನ ಜೇಬಿನಲ್ಲಿ ಸಣ್ಣ ಪುಸ್ತಕ, ಪೆನ್ನು. ಏನಿದ್ದರೂ ಬರೆದುಕೊಳ್ಳಬೇಕು, ಮಾಡಿದ ಮೇಲೆ ಗೀಟು ಹಾಕಬೇಕು. ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು. "ಹಾಲು ತನ್ನಿ" ಅಂದರೆ ಹಾಲು ಮಾತ್ರ. ಏನಾದರೂ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಉತ್ತರಕ್ಕೆ ಕಾಯುವುದು. ಟಿ.ವಿ. ಆರಿಸಿ ಮಾತಾಡುವುದು. ಸಿಟ್ಟು ಬಂದಾಗ ವಾದ ಮಾಡದೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬರುವುದು, ಸಮಾಧಾನವಾದ ಮೇಲೆ ಮಾತಾಡುವುದು. ಒಂದು ದಿನ ಆಕೆ ನನಗೆ ಹೇಳಿದಳು, "ಅತ್ತಿಗೆ, ಮೊದಲು ಇವರು ಬೇಕಂತಲೇ ಹೀಗೆ ಮಾಡ್ತಾರೆ ಅಂತ ರಾತ್ರಿಯೆಲ್ಲಾ ಅಳ್ತಿದ್ದೆ. ಈಗ ಕಷ್ಟ ಅಷ್ಟೇ ಇದೆ, ಆದರೆ ಸಿಟ್ಟು ಹೋಯ್ತು" ಅಂತ.

ಮದ್ಯಪಾನ ಪೂರ್ತಿ ನಿಲ್ಲಬೇಕು. ಗಾಯವಾದ ಮೆದುಳಿಗೆ ಅದು ವಿಷವೇ. ಫಿಟ್ಸ್ ಮಾತ್ರೆ ಕೊಟ್ಟಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಡಾಕ್ಟರ್ ಒಪ್ಪುವವರೆಗೆ ಬೈಕ್, ಮರ ಹತ್ತುವುದು, ಬಾವಿ ಕೆಲಸ ಬೇಡ. ಹಳೆ ಪೆಟ್ಟಿನ ಮೇಲೆ ಹೊಸ ಪೆಟ್ಟು ಬಿದ್ದರೆ ಅಪಾಯ ಹೆಚ್ಚು. ಫಿಸಿಯೋಥೆರಪಿ, ಮಾತಿನ ತರಬೇತಿ, ಮನಃಶಾಸ್ತ್ರಜ್ಞರ ಸಹಾಯ ಬೇಕಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇವೆಲ್ಲಾ ಒಂದೇ ಕಡೆ ಸಿಗುತ್ತವೆ. ಜಿಲ್ಲಾ ಆಸ್ಪತ್ರೆಯಲ್ಲೂ ಕೇಳಿ ನೋಡಿ.

ತಡಮಾಡದೆ ಆಸ್ಪತ್ರೆಗೆ

ಇದುವರೆಗೆ ಹೇಳಿದ್ದು ನಿಧಾನದ ಕಷ್ಟ. ಪೆಟ್ಟಾದ ಮೊದಲ ಗಂಟೆ, ಮೊದಲ ದಿನಗಳಲ್ಲಿ ಈ ಲಕ್ಷಣ ಕಂಡರೆ 108ಕ್ಕೆ ಫೋನ್ ಮಾಡಿ: ಪ್ರಜ್ಞೆ ತಪ್ಪುವುದು, ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂಥ ನಿದ್ದೆ, ಫಿಟ್ಸ್, ಕಿವಿ ಮೂಗಿನಿಂದ ರಕ್ತ ಅಥವಾ ನೀರು, ಮಾತು ತೊದಲುವುದು, ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು. ವಯಸ್ಸಾದವರು, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಬಿದ್ದರೆ ಲಕ್ಷಣ ಇಲ್ಲದಿದ್ದರೂ ತೋರಿಸಿ. ಮುಖ್ಯವಾಗಿ, "ಕುಡಿದು ಬಿದ್ದಿದ್ದಾನೆ, ಮಲಗಲಿ, ಬೆಳಿಗ್ಗೆ ಇಳಿಯುತ್ತದೆ" ಅಂತ ಬಿಡಬೇಡಿ. ಕುಡಿದವನ ತಲೆಯೊಳಗೂ ರಕ್ತ ಹೆಪ್ಪುಗಟ್ಟುತ್ತದೆ.

ಹೇಳಲು ಕಷ್ಟವಾದ ಮಾತು

ತಲೆಗೆ ಪೆಟ್ಟಾಗುವುದು ರಸ್ತೆಯಲ್ಲಿ ಮಾತ್ರವಲ್ಲ. ಜುಟ್ಟು ಹಿಡಿದು ಗೋಡೆಗೆ ಹೊಡೆಸುವುದು, ಕೆನ್ನೆಗೆ ಜೋರಾಗಿ ಬಾರಿಸುವುದು, ಕತ್ತು ಹಿಸುಕುವುದು ನಮ್ಮ ಹಳ್ಳಿಗಳಲ್ಲಿ ಇಲ್ಲ ಅನ್ನುವ ಹಾಗಿಲ್ಲ. ಪದೇ ಪದೇ ಏಟು ತಿಂದ ಹೆಂಗಸಿಗೆ ಮರೆವು, ತಲೆನೋವು, ಕೆಲಸದಲ್ಲಿ ಗಮನವಿಲ್ಲ. ಆಗ ಅದೇ ಮನೆಯವರು "ಇವಳಿಗೆ ಬುದ್ಧಿ ಇಲ್ಲ" ಅಂತ ಮತ್ತೆ ಹೊಡೆಯುತ್ತಾರೆ. ಸಭೆಯಲ್ಲಿ ಲೆಕ್ಕ ತಪ್ಪುವ, ಹೇಳಿದ್ದು ಮರೆಯುವ ಅಕ್ಕನನ್ನು ನಗುವ ಮೊದಲು ಒಂದು ಸಲ ಒಂಟಿಯಾಗಿ ಕೂರಿಸಿ "ಮನೆಯಲ್ಲಿ ಹೇಗಿದೀಯಾ?" ಅಂತ ಕೇಳಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಮಹಿಳಾ ಸಹಾಯವಾಣಿ 181 ಇದೆ. ಆಸ್ಪತ್ರೆಗೆ ಹೋದಾಗ "ಬಚ್ಚಲಲ್ಲಿ ಬಿದ್ದೆ" ಅನ್ನಬೇಡಿ, ಆದದ್ದು ಹೇಳಿ.

ಹಾಗೆಯೇ ಎಳೆ ಮಗು ಅಳು ನಿಲ್ಲಿಸದಿದ್ದರೆ ಹಿಡಿದು ಜೋರಾಗಿ ಅಲುಗಾಡಿಸಬೇಡಿ. ಮಗುವಿನ ತಲೆ ಭಾರ, ಕತ್ತು ಎಳಸು, ಮೆದುಳು ಇನ್ನೂ ಮೆತ್ತಗೆ. ಸಿಟ್ಟು ಬಂದರೆ ಮಗುವನ್ನು ಚಾಪೆಯ ಮೇಲೆ ಮಲಗಿಸಿ ಎರಡು ನಿಮಿಷ ಆಚೆ ಬನ್ನಿ. ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ.

ಹೆಲ್ಮೆಟ್ ಕನ್ನಡಿಗಲ್ಲ, ತಲೆಗೆ

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಬೈಕ್ ಸವಾರರಲ್ಲಿ ಹೆಲ್ಮೆಟ್ ಸಾವಿನ ಅಪಾಯವನ್ನು ಶೇಕಡಾ 42ರಷ್ಟು, ತಲೆ ಪೆಟ್ಟಿನ ಅಪಾಯವನ್ನು ಶೇಕಡಾ 69ರಷ್ಟು ಕಡಿಮೆ ಮಾಡುತ್ತದೆ ಎಂದು ಕಂಡುಬಂದಿದೆ. ಪೂರ್ತಿ ತಪ್ಪಿಸುವುದಿಲ್ಲ, ನಿಜ. ಆದರೆ ನನ್ನ ತಮ್ಮನಿಗೆ ಆ ಅವಕಾಶ ಇತ್ತು, ಅದು ಕನ್ನಡಿಯಲ್ಲಿ ನೇತಾಡುತ್ತಿತ್ತು. ಹಿಂದೆ ಕೂರುವವರಿಗೂ 2016ರ ಜನವರಿಯಿಂದ ನಮ್ಮ ರಾಜ್ಯದಲ್ಲಿ ಹೆಲ್ಮೆಟ್ ಕಡ್ಡಾಯ. ಹಿಂದೆ ಕೂರುವವರು ಯಾರು? ಹೆಚ್ಚಾಗಿ ನಾವೇ. "ಹೂವು ಮುಡಿದಿದ್ದೇನೆ, ಇಲ್ಲೇ ಪಕ್ಕದ ಊರಿಗೆ ತಾನೇ" ಅನ್ನುತ್ತೇವೆ. ಒಂದು ಪಕ್ಕಕ್ಕೆ ಕಾಲು ಹಾಕಿ, ಮಗುವನ್ನು ಮಡಿಲಲ್ಲಿಟ್ಟು, ಸೆರಗು ಗಾಳಿಗೆ ಬಿಟ್ಟು ಕೂರುತ್ತೇವೆ. ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದವರನ್ನು ನೀವೂ ನೋಡಿದ್ದೀರಿ. ಐ.ಎಸ್.ಐ. ಗುರುತಿನ ಹೆಲ್ಮೆಟ್ ಇರಲಿ, ಪಟ್ಟಿ ಗಲ್ಲದ ಕೆಳಗೆ ಬಿಗಿಯಾಗಿರಲಿ, ನಾಲ್ಕು ವರ್ಷ ಮೇಲ್ಪಟ್ಟ ಮಕ್ಕಳಿಗೂ ಇರಲಿ. ಸೆರಗು ಸುತ್ತಿ ಸಿಕ್ಕಿಸಿಕೊಳ್ಳಿ.

ಸಂಘ ಏನು ಮಾಡಬಹುದು?

ನನ್ನ ತಮ್ಮನ ಹೆಂಡತಿಯೂ ನಿಮ್ಮ ಹಾಗೆ ಸಂಘದ ಸದಸ್ಯೆ. ಆ ಸಮಯದಲ್ಲಿ ನಾಲ್ಕು ವಾರ ಸಭೆಗೆ ಹೋಗಲಿಲ್ಲ, ಮೂರು ಕಂತು ತಪ್ಪಿತು. ಸದಸ್ಯೆಯರು ಮನೆಗೆ ಬಂದು "ಗಂಡ ಗಟ್ಟಿಮುಟ್ಟಾಗಿ ಕೂತಿದ್ದಾನೆ, ದುಡಿಯೋಕೆ ಏನು ಕಷ್ಟ?" ಅಂತ ಕೇಳಿದರು. ಅವರದ್ದೂ ತಪ್ಪಲ್ಲ, ನಾನೇ ಹಾಗೆ ಅಂದಿದ್ದೆನಲ್ಲ! ವಿಷಯ ಗೊತ್ತಾದ ಮೇಲೆ ಅದೇ ಸಂಘ ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆದು ಕಂತಿಗೆ ಆರು ತಿಂಗಳು ಸಮಯ ಕೊಟ್ಟಿತು. ವಾರಕ್ಕೆ ಒಂದು ಮಧ್ಯಾಹ್ನ ಒಬ್ಬ ಸದಸ್ಯೆ ಬಂದು ಅವನ ಹತ್ತಿರ ಕೂತರೆ, ಆಕೆ ಸಂತೆಗೋ, ಎರಡು ಗಂಟೆ ನಿದ್ದೆಗೋ ಹೋಗುತ್ತಿದ್ದಳು. ಆ ಎರಡು ಗಂಟೆಯೇ ನನ್ನನ್ನು ಉಳಿಸಿತು ಅಂತ ಆಕೆ ಈಗಲೂ ಹೇಳ್ತಾಳೆ. ನೋಡಿಕೊಳ್ಳುವವಳು ಬಿದ್ದರೆ ಇಡೀ ಮನೆ ಬೀಳುತ್ತದೆ.

ಕಾಗದ ಪತ್ರದ ವಿಷಯದಲ್ಲೂ ಸಂಘ ಜೊತೆಗಿರಬೇಕು. ಅಪಘಾತವಾದರೆ ಪೊಲೀಸ್ ದೂರು, ಆಸ್ಪತ್ರೆ ಚೀಟಿ ಎಲ್ಲಾ ಜೋಪಾನ. ಪರಿಹಾರದ ಅರ್ಜಿಯನ್ನು 6 ತಿಂಗಳೊಳಗೆ ಹಾಕಬೇಕೆಂಬ ನಿಯಮ 2022ರಿಂದ ಬಂದಿದೆ, ತಡ ಬೇಡ. "ಸ್ಕ್ಯಾನ್ ನಾರ್ಮಲ್ ಇದೆಯಲ್ಲ" ಅಂತ ಯಾರೋ ಹೇಳಿದರೆಂದು ಸಣ್ಣ ಮೊತ್ತಕ್ಕೆ ಸಹಿ ಹಾಕುವ ಮೊದಲು, ಮರೆವು, ನಿಧಾನ, ಸಿಟ್ಟು ಇವೆಲ್ಲವನ್ನೂ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ತಲೆ ಪೆಟ್ಟು ಎಂಬ ಹೆಸರು ಇಲ್ಲ. ಆದರೆ ಅದರಿಂದ ಕೈಕಾಲು, ಮಾತು, ಮನಸ್ಸಿಗೆ ಆದ ತೊಂದರೆ ಆ ಪಟ್ಟಿಗೆ ಹೊಂದಬಹುದು. ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕುವುದು ಹೇಗೆ ಎಂದು ಪಂಚಾಯಿತಿಯ ವಿ.ಆರ್.ಡಬ್ಲ್ಯೂ. ಅವರನ್ನು ಕೇಳಿ.

ಕೊನೆಯದಾಗಿ

ನನ್ನ ತಮ್ಮ ಪೂರ್ತಿ ಮೊದಲಿನಂತೆ ಆಗಲಿಲ್ಲ, ಸುಳ್ಳು ಹೇಳುವುದಿಲ್ಲ. ಲೆಕ್ಕ ಈಗ ಅವನ ಹೆಂಡತಿಯ ಕೈಯಲ್ಲಿದೆ. ಆದರೆ ಬೆಳಿಗ್ಗೆ ತೋಟಕ್ಕೆ ಹೋಗುತ್ತಾನೆ, ಒಂದು ಕೆಲಸ ಮುಗಿಸಿ ಪುಸ್ತಕದಲ್ಲಿ ಗೀಟು ಹಾಕುತ್ತಾನೆ, ಮತ್ತೊಂದು ಕೆಲಸ ಹಿಡಿಯುತ್ತಾನೆ. ಕಳೆದ ವರ್ಷ ನಾನು ಮನೆಗೆ ಹೋದಾಗ ಜೇಬಿನಿಂದ ಆ ಪುಸ್ತಕ ತೆಗೆದು ತೋರಿಸಿದ. "ಅಕ್ಕ ಬರ್ತಾಳೆ, ಹಲಸಿನ ಹಣ್ಣು ಕೊಯ್ದಿಡಬೇಕು" ಅಂತ ಬರೆದು, ಗೀಟು ಹಾಕಿದ್ದ.

ಮುಂದಿನ ವಾರದ ಸಭೆಯಲ್ಲಿ ಮೂರು ಕೆಲಸ ಮಾಡೋಣ. ನಿಮ್ಮ ಊರಿನಲ್ಲಿ ತಲೆ ಪೆಟ್ಟಾಗಿ ಮನೆಯಲ್ಲಿರುವವರು ಯಾರು ಅಂತ ಕೇಳೋಣ. ಅವರನ್ನು ನೋಡಿಕೊಳ್ಳುವ ಹೆಂಗಸಿಗೆ ವಾರಕ್ಕೆ ಎರಡು ಗಂಟೆ ಯಾರು ಕೊಡ್ತೀರಿ ಅಂತ ಹೆಸರು ಬರೆಯೋಣ. ಮತ್ತೆ ಸಭೆಗೆ ಬೈಕಿನಲ್ಲಿ ಬರುವವರು ಹೆಲ್ಮೆಟ್ ಹಾಕಿಕೊಂಡೇ ಬರೋಣ. ಹೂವು ಬಾಡಿದರೆ ನಾಳೆ ಮತ್ತೆ ಕಟ್ಟಬಹುದು.